ಎರಡು ಚುಕ್ಕೆ, ಒಂದು ಓರೆಗೆರೆ

ಕಂಪ್ಯೂಟರಿನೊಳಗೆ ಒಂದು ಕಡತ ಎಲ್ಲಿದೆ ಎಂಬುದನ್ನು ಸೂಚಿಸುವ ವಿಳಾಸಕ್ಕೆ ಪಾಥ್ ಎಂದು ಹೆಸರು. ಕಡತಗಳನ್ನು ಇಡುವ ದೊಡ್ಡ ಡೈರೆಕ್ಟರಿಯಿಂದ ಅದರೊಳಗಿನ ಚಿಕ್ಕ ಡೈರೆಕ್ಟರಿಗೆ, ಅಲ್ಲಿಂದ ಮತ್ತೂ ಚಿಕ್ಕದಕ್ಕೆ ಇಳಿಯುತ್ತ, ಹೆಸರು ಹೆಸರಿನ ನಡುವೆ ಒಂದೊಂದು ಓರೆಗೆರೆ ಎಳೆಯುತ್ತ ಅದನ್ನು ಬರೆಯುತ್ತಾರೆ. ಗದಗ ಜಿಲ್ಲೆಯ ರೋಣ ತಾಲೂಕಿನ ಅಬ್ಬಿಗೇರಿಯ ಹೊಲಗಳ ಉತಾರಗಳನ್ನೆಲ್ಲ ಒಂದು ಡೈರೆಕ್ಟರಿಯಲ್ಲಿ ಇಟ್ಟರೆಂದು ಭಾವಿಸಿದರೆ ಅದರ ಪಾಥ್ ‘/ದಾಖಲೆ/ಗದಗ/ರೋಣ/ಅಬ್ಬಿಗೇರಿ/’ ಎಂದಾಗುತ್ತದೆ. ಈ ಬರವಣಿಗೆಯಲ್ಲಿ ಕೆಳಗಿಳಿಯುವುದಕ್ಕೆ ದಾರಿಯಿರುವಂತೆ ಮೇಲೇರುವುದಕ್ಕೂ ಒಂದು ಗುರುತಿದೆ, ಅದು ಜೋಡಿ ಚುಕ್ಕೆ. 1970ರ ಆಸುಪಾಸಿನಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ರೂಪುಗೊಂಡ ಯುನಿಕ್ಸ್ ವ್ಯವಸ್ಥೆಯಿಂದ ಬಳಕೆಗೆ ಬಂದ ಈ ಗುರುತು ಇಂದಿನ ಬಹುತೇಕ ಎಲ್ಲ ಕಂಪ್ಯೂಟರುಗಳಲ್ಲಿಯೂ ಉಳಿದುಕೊಂಡಿದೆ. ಅಬ್ಬಿಗೇರಿಯ ಡೈರೆಕ್ಟರಿಯಿಂದ ಒಮ್ಮೆ ಜೋಡಿ ಚುಕ್ಕೆ ಬರೆದರೆ ರೋಣಕ್ಕೆ ಏರಿದಂತೆ, ಎರಡನೆಯ ಸಲಕ್ಕೆ ಗದಗಕ್ಕೆ, ಮೂರನೆಯ ಸಲಕ್ಕೆ ‘ದಾಖಲೆ’ಗೆ, ನಾಲ್ಕನೆಯ ಸಲಕ್ಕೆ ಇಡೀ ಯಂತ್ರದ ಬುಡಕ್ಕೆ ತಲುಪಿದಂತೆ. ಬುಡವನ್ನು ಮುಟ್ಟಿದ ಮೇಲೆ ಇನ್ನೆಷ್ಟು ಚುಕ್ಕೆ ಬರೆದರೂ ಯಂತ್ರ ತಕರಾರು ಮಾಡದೆ ಅಲ್ಲಿಯೇ ನಿಲ್ಲುತ್ತದೆ. ಆದ್ದರಿಂದ ಎಷ್ಟು ಮೆಟ್ಟಿಲಿದೆ ಎಂದು ತಿಳಿಯದವನೂ ಹತ್ತು ಹನ್ನೆರಡು ಸಲ ಬರೆದು ನಿಶ್ಚಿಂತನಾಗಿರಬಹುದು.

ಮೇಲೇರುವ ಈ ಅನುಕೂಲ ಹೊರಗಿನವರ ಕೈಗೂ ಸಿಕ್ಕಾಗ ಹುಟ್ಟುವ ದೋಷವನ್ನು ಡೈರೆಕ್ಟರಿ ಟ್ರಾವರ್ಸಲ್ ಅಥವಾ ಪಾಥ್ ಟ್ರಾವರ್ಸಲ್ ಎನ್ನುತ್ತಾರೆ. ಒಂದು ವೆಬ್ ತಂತ್ರಾಂಶವು ಬಳಕೆದಾರನಿಂದ ಕಡತದ ಹೆಸರನ್ನು ಪಡೆದು, ತನ್ನದೊಂದು ನಿಗದಿತ ಡೈರೆಕ್ಟರಿಯ ಪಾಥ್‌ಗೆ ಅದನ್ನು ಅಂಟಿಸಿ, ಸಿಕ್ಕಿದ ಕಡತವನ್ನು ತೆರೆದು ಕಳುಹಿಸುತ್ತದೆ ಎಂದಿಟ್ಟುಕೊಂಡರೆ, ಬಳಕೆದಾರನು ಹೆಸರಿನ ಜಾಗದಲ್ಲಿ ಜೋಡಿ ಚುಕ್ಕೆಗಳ ಸಾಲನ್ನೂ ಅದರ ಮುಂದೆ ಬೇರೊಂದು ಕಡತದ ಪಾಥನ್ನೂ ಬರೆದ ಕೂಡಲೇ ತಂತ್ರಾಂಶವು ತನ್ನ ಎಲ್ಲೆಯನ್ನು ತಾನೇ ದಾಟಿ, ಪಾಸ್‌ವರ್ಡುಗಳ ಕಡತವನ್ನೋ ಇನ್ನೊಬ್ಬರ ದಾಖಲೆಯನ್ನೋ ತಂದುಕೊಡುತ್ತದೆ. ದೋಷಗಳ ಬಗೆಗಳಿಗೆ ಕ್ರಮಸಂಖ್ಯೆ ಕೊಡುವ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಈ ಬಗೆಯದ್ದಕ್ಕೆ ಸಿಡಬ್ಲ್ಯುಇ-22 ಎಂಬ ಗುರುತಿದೆ. ದೋಷ ಹಳೆಯದು, ಪರಿಹಾರವೂ ಹಳೆಯದು. ಆದರೂ 2024ರ ಮೇ ತಿಂಗಳಲ್ಲಿ ಅಮೆರಿಕದ ಸೈಬರ್ ಭದ್ರತಾ ಸಂಸ್ಥೆ ಸಿಸಾ ಮತ್ತು ಎಫ್‌ಬಿಐ ಜೊತೆಗೂಡಿ, ದಾಳಿಕೋರರು ವಾಸ್ತವವಾಗಿ ಬಳಸಿರುವ ದೋಷಗಳ ತಮ್ಮ ಪಟ್ಟಿಯಲ್ಲಿ ಇಂಥವು 55 ಇವೆಯೆಂದು ತಿಳಿಸಿ, ತಂತ್ರಾಂಶ ತಯಾರಕರಿಗೆ ಎಚ್ಚರಿಕೆ ನೀಡಬೇಕಾಯಿತು. ಕಂಪ್ಯೂಟರ್ ವಿಜ್ಞಾನದ ಮೊದಲ ವರ್ಷದ ವಿದ್ಯಾರ್ಥಿಗೂ ಅರ್ಥವಾಗುವ ತಪ್ಪೊಂದು ಇಷ್ಟು ದೀರ್ಘಾಯುಷಿಯಾಗಿರುವುದು ಹೇಗೆ ಎಂಬುದಕ್ಕೆ ಉತ್ತರವನ್ನು ಹುಡುಕಬೇಕಾದ ಜಾಗಗಳಲ್ಲಿ ಮುಖ್ಯವಾದದ್ದು ಒಂದು ಯಂತ್ರವನ್ನು ಹಲವಾಗಿ ಪಾಲು ಮಾಡುವ ಸರ್ವರ್ ವರ್ಚುವಲೈಸೇಶನ್ ತಂತ್ರಾಂಶ. ಏಕೆಂದರೆ ಅಲ್ಲಿ ಒಂದು ಕಡತ ಕೈತಪ್ಪುವುದೆಂದರೆ ಒಂದು ಇಡೀ ಯಂತ್ರವೇ ಕೈತಪ್ಪುವುದು ಎಂದರ್ಥ.

ಈ ಮಾತಿನ ತೂಕವನ್ನು ತಿಳಿಯಲು ದಾಖಲೆಗಳು ಹಳ್ಳಿಯಿಂದ ದೂರ ಸರಿದ ಬಗೆಯನ್ನು ನೋಡಬೇಕು. ಕರ್ನಾಟಕ ಸರ್ಕಾರವು ರಾಷ್ಟ್ರೀಯ ಮಾಹಿತಿ ಕೇಂದ್ರದ ತಾಂತ್ರಿಕ ನೆರವಿನಿಂದ ‘ಭೂಮಿ’ ಯೋಜನೆಯನ್ನು ಜಾರಿಗೆ ತಂದಾಗ, ಸುಮಾರು 67 ಲಕ್ಷ ರೈತರ 2 ಕೋಟಿ ಭೂದಾಖಲೆಗಳು ಗ್ರಾಮಲೆಕ್ಕಾಧಿಕಾರಿಗಳ ಕೈಬರಹದ ಪುಸ್ತಕಗಳಿಂದ ಕಂಪ್ಯೂಟರಿಗೆ ಬಂದವು; 177 ತಾಲೂಕು ಕೇಂದ್ರಗಳಲ್ಲಿ ಕಿಯೋಸ್ಕ್‌ಗಳು ತೆರೆದು, 15 ರೂಪಾಯಿಗೆ ಪಹಣಿ, ಅಂದರೆ ಉತಾರ, ದೊರೆಯತೊಡಗಿತು; ಕಿಯೋಸ್ಕ್ ಶುರುವಾದಲ್ಲಿ ಕೈಬರಹದ ಪಹಣಿಗೆ ಕಾನೂನಿನ ಮಾನ್ಯತೆ ಉಳಿಯಲಿಲ್ಲ. ಆ ಆರಂಭದ ವಿನ್ಯಾಸದಲ್ಲಿ ಪ್ರತಿ ತಾಲೂಕು ಕಚೇರಿಯಲ್ಲಿಯೂ ಅದರದೇ ಸರ್ವರ್ ಇತ್ತು, ತಿದ್ದುಪಡಿ ಮಾಡುವ ಅಧಿಕಾರಿಯು ಪಾಸ್‌ವರ್ಡ್ ಬದಲಿಗೆ ಬೆರಳಚ್ಚು ಕೊಟ್ಟು ಒಳಹೋಗಬೇಕಿತ್ತು. ದಾಖಲೆಯನ್ನು ಕಾಯುವವನೂ ಕಾಯಲಾಗುವ ಪೆಟ್ಟಿಗೆಯೂ ಒಂದೇ ಕಟ್ಟಡದಲ್ಲಿದ್ದ ಕಾಲವದು. ಬಳಿಕ ದತ್ತಾಂಶವು ಬೆಂಗಳೂರಿನ ರಾಜ್ಯ ದತ್ತಾಂಶ ಕೇಂದ್ರಕ್ಕೆ ಸೇರಿತು. ಇದರಿಂದ ಯಾವ ಊರಿನ ಉತಾರವನ್ನಾದರೂ ಎಲ್ಲಿಂದಾದರೂ ತೆಗೆಯಬಹುದಾಯಿತು, ಬ್ಯಾಂಕುಗಳೂ ನೋಂದಣಿ ಕಚೇರಿಗಳೂ ನೇರವಾಗಿ ಪರಿಶೀಲಿಸಬಹುದಾಯಿತು. ಜೊತೆಗೆ, ‘ಸರ್ವರ್ ಇಲ್ರಿ’ ಎಂಬ ಒಂದು ಉತ್ತರ ರಾಜ್ಯದ ಎಲ್ಲ ಕಿಟಕಿಗಳಲ್ಲಿ ಒಂದೇ ಹೊತ್ತಿಗೆ ಕೇಳಿಸುವುದೂ ಸಾಧ್ಯವಾಯಿತು. ಮುಂಗಾರಿಗೆ ಹೆಸರು, ಹಿಂಗಾರಿಗೆ ಕಡಲೆ ಮತ್ತು ಬಿಳಿಜೋಳ ಬಿತ್ತುವ ಎರೆಭೂಮಿಯ ರೈತನಿಗೆ ಬೆಳೆಸಾಲ, ಬೆಳೆವಿಮೆ, ಪರಿಹಾರ ಎಲ್ಲಕ್ಕೂ ಬೇಕಾದ ಒಂದು ಹಾಳೆ ಈಗ ಮುನ್ನೂರೈವತ್ತಕ್ಕೂ ಹೆಚ್ಚು ಕಿಲೋಮೀಟರ್ ದೂರದ ಯಂತ್ರವನ್ನು ಅವಲಂಬಿಸಿದೆ.

ಅಂಥ ದತ್ತಾಂಶ ಕೇಂದ್ರಗಳಲ್ಲಿ ಒಂದು ಇಲಾಖೆಗೆ ಒಂದು ಪೆಟ್ಟಿಗೆ ಎಂಬ ಲೆಕ್ಕ ಹಿಂದೆ ಬಿದ್ದು ಬಹಳ ಕಾಲವಾಗಿದೆ. ಒಂದು ದೊಡ್ಡ ಕಂಪ್ಯೂಟರಿನ ಮೆಮೊರಿ, ಪ್ರೊಸೆಸರ್ ಮತ್ತು ಡಿಸ್ಕುಗಳನ್ನು ಹಲವು ಪಾಲು ಮಾಡಿ, ಪ್ರತಿ ಪಾಲಿಗೂ ತಾನೇ ಒಂದು ಸ್ವತಂತ್ರ ಯಂತ್ರವೆಂಬ ಭ್ರಮೆ ಹುಟ್ಟಿಸುವ ವಿದ್ಯೆಗೆ ವರ್ಚುವಲೈಸೇಶನ್ ಎಂದು ಹೆಸರು. ಹೀಗೆ ಹುಟ್ಟಿದ ಯಂತ್ರ ವರ್ಚುವಲ್ ಮಷೀನ್ ಅಥವಾ ಅತಿಥಿ; ಅವುಗಳನ್ನು ಹೊತ್ತ ನಿಜವಾದ ಯಂತ್ರ ಆತಿಥೇಯ; ಪಾಲು ಹಂಚಿ ಗಡಿ ಕಾಯುವ ತಂತ್ರಾಂಶ ಹೈಪರ್‌ವೈಸರ್. ಐಬಿಎಂ ಕಂಪನಿ 1960ರ ದಶಕದಲ್ಲಿಯೇ ತನ್ನ ದೊಡ್ಡ ಯಂತ್ರಗಳಲ್ಲಿ ಇದನ್ನು ಸಾಧಿಸಿತ್ತಾದರೂ, ಸಾಮಾನ್ಯ ಸರ್ವರುಗಳಿಗೆ ಅದನ್ನು ಇಳಿಸಿ ಮಾರುಕಟ್ಟೆಯನ್ನು ಆಳಿದ್ದು 1998ರಲ್ಲಿ ಸ್ಥಾಪನೆಯಾದ ವಿಎಂವೇರ್. ಅದರ ದೊಡ್ಡ ಅಭಿವೃದ್ಧಿ ಕೇಂದ್ರಗಳಲ್ಲೊಂದು ಬೆಂಗಳೂರಿನಲ್ಲಿಯೇ ಬೆಳೆಯಿತು. ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಅತಿಥಿ ಯಂತ್ರವೆಂಬುದು ಆತಿಥೇಯದ ಕಣ್ಣಿಗೆ ಕೆಲವೇ ಕಡತಗಳ ಗಂಟು: ವಿಎಂಎಕ್ಸ್ ಎಂಬ ಕಡತದಲ್ಲಿ ಅದರ ಜಾತಕ, ವಿಎಂಡಿಕೆ ಎಂಬ ಕಡತದಲ್ಲಿ ಅದರ ಇಡೀ ಡಿಸ್ಕ್. ಒಳಗಿನಿಂದ ನೋಡಿದರೆ ಬೀಗ, ಬೆರಳಚ್ಚು, ಪಾಸ್‌ವರ್ಡ್ ಎಲ್ಲವೂ ಇರುವ ಯಂತ್ರವು ಹೊರಗಿನಿಂದ ನಕಲು ಮಾಡಬಹುದಾದ ಒಂದು ಕಡತ ಮಾತ್ರ. ಹಾಗಾದಾಗ ಕಡತದ ಪಾಥನ್ನು ಸರಿಯಾಗಿ ತಪಾಸಣೆ ಮಾಡದ ತಪ್ಪು ಎಲ್ಲಿಗೆ ಮುಟ್ಟಬಹುದು ಎಂಬುದು 2009ರಲ್ಲಿ ಬಯಲಾಯಿತು.

ಆ ವರ್ಷದ ಅಕ್ಟೋಬರ್ ಕೊನೆಯಲ್ಲಿ ವಿಎಂವೇರ್ ಪ್ರಕಟಿಸಿದ ಭದ್ರತಾ ಸೂಚನೆಯಲ್ಲಿ ಸಿವಿಇ-2009-3733 ಎಂಬ ಸಂಖ್ಯೆಯ ದೋಷವೊಂದು ಸೇರಿತ್ತು. ವಿಎಂವೇರ್ ಸರ್ವರ್, ಇಎಸ್ಎಕ್ಸ್ ಮತ್ತು ಇಎಸ್ಎಕ್ಸ್‌ಐ ಎಂಬ ಅದರ ವರ್ಚುವಲೈಸೇಶನ್ ತಂತ್ರಾಂಶಗಳ ಹಲವು ಆವೃತ್ತಿಗಳಿಗೆ ಅದು ಅಂಟಿಕೊಂಡಿತ್ತು. ನಿರ್ವಹಣೆಗಾಗಿ ಇಟ್ಟ ವೆಬ್ ಸೇವೆಯು ತನಗೆ ಬಂದ ಪಾಥ್‌ನಲ್ಲಿದ್ದ ಜೋಡಿ ಚುಕ್ಕೆಗಳನ್ನು ತಡೆಯುತ್ತಿರಲಿಲ್ಲ, ಕೇಳಿದವನು ಯಾರು ಎಂದು ವಿಚಾರಿಸುವ ಮೊದಲೇ ಆತಿಥೇಯ ಯಂತ್ರದ ಯಾವ ಕಡತವನ್ನಾದರೂ ಕಳುಹಿಸಿಬಿಡುತ್ತಿತ್ತು. 2010ರ ಫೆಬ್ರುವರಿಯಲ್ಲಿ ವಾಷಿಂಗ್ಟನ್‌ನ ಶ್ಮೂಕಾನ್ ಎಂಬ ಸೈಬರ್ ಭದ್ರತಾ ಸಮ್ಮೇಳನದಲ್ಲಿ ಜಸ್ಟಿನ್ ಮೋರ್‌ಹೌಸ್ ಮತ್ತು ಟೋನಿ ಫ್ಲಿಕ್ ಇದರ ಪೂರ್ಣ ಪರಿಣಾಮವನ್ನು ತೋರಿಸಿದರು. ಅವರ ‘ಗೆಸ್ಟ್‌ಸ್ಟೀಲರ್’ ಎಂಬ ಪುಟ್ಟ ಪರ್ಲ್ ಪ್ರೋಗ್ರಾಂ ಮೊದಲು ಅತಿಥಿ ಯಂತ್ರಗಳ ಪಟ್ಟಿಯಿರುವ ಕಡತವನ್ನು ತರಿಸಿಕೊಂಡು, ಅದರಲ್ಲಿದ್ದ ವಿವರದಂತೆ ಬೇಕಾದ ಯಂತ್ರದ ಡಿಸ್ಕ್ ಕಡತಗಳನ್ನು ಒಂದೊಂದಾಗಿ ಇಳಿಸಿಕೊಳ್ಳುತ್ತಿತ್ತು. ಕದ್ದ ಯಂತ್ರವನ್ನು ಕದ್ದವನು ತನ್ನ ಮನೆಯಲ್ಲಿ ಚಾಲೂ ಮಾಡಿ, ಬೇಕಾದಷ್ಟು ಹೊತ್ತು ತೆಗೆದುಕೊಂಡು ಪಾಸ್‌ವರ್ಡುಗಳನ್ನು ಮುರಿಯಬಹುದಿತ್ತು. ಅತ್ತ ಮೂಲ ಯಂತ್ರ ಏನೂ ಆಗದಂತೆ ಕೆಲಸ ಮಾಡುತ್ತಲೇ ಇರುತ್ತಿತ್ತು, ಅದರೊಳಗಿನ ಯಾವ ಲಾಗ್‌ನಲ್ಲಿಯೂ, ಅಂದರೆ ದಾಖಲೆಪುಸ್ತಕದಲ್ಲಿಯೂ, ಕಳ್ಳತನದ ಸುಳಿವು ಇರುತ್ತಿರಲಿಲ್ಲ. ಅತಿಥಿಯೊಳಗೆ ಎಷ್ಟೇ ಬಿಗಿಯಾದ ಭದ್ರತೆ ಅಳವಡಿಸಿದ್ದರೂ ಅದರಿಂದ ಪ್ರಯೋಜನವಿರಲಿಲ್ಲ.

ಇದಕ್ಕೂ ಮೊದಲು, 2008ರ ಫೆಬ್ರುವರಿಯಲ್ಲಿ, ಕೋರ್ ಸೆಕ್ಯುರಿಟಿ ಸಂಸ್ಥೆ ಪ್ರಕಟಿಸಿದ ಸಿವಿಇ-2008-0923 ಇನ್ನೊಂದು ದಿಕ್ಕಿನ ದೋಷ. ವಿಂಡೋಸ್ ಮೇಲೆ ನಡೆಯುವ ವಿಎಂವೇರ್ ವರ್ಕ್‌ಸ್ಟೇಶನ್‌ನಂಥ ತಂತ್ರಾಂಶಗಳಲ್ಲಿ ಅತಿಥಿಗೂ ಆತಿಥೇಯಕ್ಕೂ ಸಾಮಾನ್ಯವಾದ ಒಂದು ಫೋಲ್ಡರನ್ನು ಹಂಚಿಕೊಳ್ಳುವ ಸೌಲಭ್ಯವಿದೆ. ಅತಿಥಿಯೊಳಗಿನ ಪ್ರೋಗ್ರಾಂ ಆ ಫೋಲ್ಡರಿನಿಂದ ಜೋಡಿ ಚುಕ್ಕೆಗಳ ಮೂಲಕ ಹೊರಬಂದು ಆತಿಥೇಯದ ಕಡತಗಳನ್ನು ಓದಲೂ ತಿದ್ದಲೂ ಸಾಧ್ಯವಾಗುತ್ತಿತ್ತು. ಇಲ್ಲಿ ತಪಾಸಣೆಯೇ ಇರಲಿಲ್ಲವೆಂದಲ್ಲ. ತಂತ್ರಾಂಶವು ಪಾಥ್‌ನಲ್ಲಿ ಜೋಡಿ ಚುಕ್ಕೆ ಇದೆಯೇ ಎಂದು ನೋಡುತ್ತಿತ್ತು, ಇಲ್ಲವೆಂದು ಖಚಿತಪಡಿಸಿಕೊಂಡ ಬಳಿಕ ಅಕ್ಷರಗಳನ್ನು ಒಂದು ಸಂಕೇತ ಪದ್ಧತಿಯಿಂದ ಇನ್ನೊಂದಕ್ಕೆ ಬದಲಿಸುತ್ತಿತ್ತು; ಬದಲಾವಣೆಯ ಮುಂಚೆ ಬೇರೇನೋ ಆಗಿ ಕಾಣುತ್ತಿದ್ದ ಬೈಟುಗಳು ಬದಲಾವಣೆಯ ನಂತರ ಚುಕ್ಕೆಗಳಾಗಿ ಎದ್ದು ನಿಲ್ಲುತ್ತಿದ್ದವು. ನೋಡಿದ್ದು ಒಂದು ರೂಪವನ್ನು, ತೆರೆದದ್ದು ಇನ್ನೊಂದು ರೂಪವನ್ನು.

ಈ ಮೋಸ ಆಗಲೇ ಏಳು ವರ್ಷಕ್ಕೂ ಹಳೆಯದಾಗಿತ್ತು ಎಂಬುದು ಸೋಜಿಗ. 2000ದ ಅಕ್ಟೋಬರ್‌ನಲ್ಲಿ ಮೈಕ್ರೋಸಾಫ್ಟ್‌ನ ಐಐಎಸ್ ವೆಬ್ ಸರ್ವರಿನಲ್ಲಿ ಸಿಕ್ಕ ದೋಷವೂ ಇದೇ ಬಗೆಯದು. ಅದನ್ನು ಕನ್ನಡದ ಉದಾಹರಣೆಯಿಂದಲೇ ಸುಲಭವಾಗಿ ವಿವರಿಸಬಹುದು. ಯುಟಿಎಫ್-8 ಎಂಬ ಸಂಕೇತ ಪದ್ಧತಿಯಲ್ಲಿ ಕನ್ನಡದ ‘ಅ’ ಎಂಬ ಒಂದು ಅಕ್ಷರಕ್ಕೆ ಮೂರು ಬೈಟು ಬೇಕು, ಓರೆಗೆರೆಗೆ ಒಂದೇ ಬೈಟು ಸಾಕು. ನಿಯಮದ ಪ್ರಕಾರ ಒಂದು ಬೈಟಿನಲ್ಲಿ ಬರೆಯಬಹುದಾದುದನ್ನು ಎರಡು ಬೈಟುಗಳಿಗೆ ಎಳೆದು ಬರೆಯಕೂಡದು. ಆದರೆ ಹಾಗೆ ಎಳೆದು ಬರೆದ ಓರೆಗೆರೆಯನ್ನು ಐಐಎಸ್ ತಪಾಸಣೆಯ ಹೊತ್ತಿನಲ್ಲಿ ಗುರುತಿಸದೆ ಬಿಟ್ಟು, ಕಡತ ತೆರೆಯುವ ಹೊತ್ತಿನಲ್ಲಿ ಓರೆಗೆರೆಯೆಂದೇ ಒಪ್ಪಿಕೊಳ್ಳುತ್ತಿತ್ತು. ಪರಿಹಾರ ಪ್ರಕಟವಾಗಿ ಸುಮಾರು ಒಂದು ವರ್ಷವಾದ ಮೇಲೆ, 2001ರ ಸೆಪ್ಟೆಂಬರ್ 18ರಂದು ಕಾಣಿಸಿಕೊಂಡ ನಿಮ್ಡಾ ಎಂಬ ಕಂಪ್ಯೂಟರ್ ಹುಳು ಹರಡಿದ ಹಾದಿಗಳಲ್ಲಿ ಈ ದೋಷವೂ ಒಂದು. ಪರಿಹಾರ ತಪ್ಪುವ ರೀತಿಗೆ ಮತ್ತೊಂದು ನಿದರ್ಶನ ಅಪಾಚೆ ವೆಬ್ ಸರ್ವರ್: 2021ರ ಅಕ್ಟೋಬರ್ ಮೊದಲ ವಾರದಲ್ಲಿ ಅದರ 2.4.49 ಆವೃತ್ತಿಯಲ್ಲಿನ ಪಾಥ್ ದೋಷಕ್ಕೆ 2.4.50 ಬಂದಿತು, ಚುಕ್ಕೆಯನ್ನು ಎರಡು ಪದರದ ಸಂಕೇತದಲ್ಲಿ ಅಡಗಿಸಿದರೆ ಅದೂ ಸೋಲುತ್ತದೆಂದು ತಿಳಿದು ಕೆಲವೇ ದಿನಗಳಲ್ಲಿ 2.4.51 ಬರಬೇಕಾಯಿತು.

ವರ್ಚುವಲೈಸೇಶನ್ ಲೋಕದ ಅತ್ಯಂತ ಗಂಭೀರ ಪ್ರಕರಣಗಳಲ್ಲೊಂದು 2021ರ ಫೆಬ್ರುವರಿ 23ರಂದು ಪರಿಹಾರ ಕಂಡ ಸಿವಿಇ-2021-21972. ನೂರಾರು ಆತಿಥೇಯ ಯಂತ್ರಗಳನ್ನು ಒಂದೇ ಪರದೆಯಿಂದ ಆಳಲು ವಿಎಂವೇರ್ ಕೊಡುವ ತಂತ್ರಾಂಶ ವಿಸೆಂಟರ್ ಸರ್ವರ್. ಅದು ಯಾರ ಕೈಯಲ್ಲಿದೆಯೋ ಇಡೀ ದತ್ತಾಂಶ ಕೇಂದ್ರ ಅವರ ಕೈಯಲ್ಲಿದ್ದಂತೆ. ಅದರ ವೆಬ್ ಮುಖದಲ್ಲಿ ಬೇರೊಂದು ಉತ್ಪನ್ನಕ್ಕೆ ಸಂಬಂಧಿಸಿದ ಒಂದು ಉಪಾಂಗವಿತ್ತು. ಆ ಉತ್ಪನ್ನವನ್ನು ಕೊಳ್ಳದವರ ಯಂತ್ರದಲ್ಲಿಯೂ ಉಪಾಂಗ ಮಾತ್ರ ತಾನಾಗಿ ಕೂತಿರುತ್ತಿತ್ತು. ಅದರೊಳಗಿನ ಒಂದು ಸೇವೆಯು ಟಾರ್ ಎಂಬ ಬಗೆಯ ಕಟ್ಟನ್ನು, ಅಂದರೆ ಹಲವು ಕಡತಗಳನ್ನು ಒಟ್ಟಿಗೆ ಕಟ್ಟಿದ ಒಂದು ಕಡತವನ್ನು, ಪಾಸ್‌ವರ್ಡ್ ಕೇಳದೆ ಸ್ವೀಕರಿಸಿ ಬಿಚ್ಚುತ್ತಿತ್ತು. ಕಟ್ಟಿನೊಳಗಿನ ಪ್ರತಿ ಕಡತಕ್ಕೂ ಒಂದೊಂದು ಹೆಸರಿರುತ್ತದೆ, ಆ ಹೆಸರಿನಲ್ಲಿಯೇ ಜೋಡಿ ಚುಕ್ಕೆಗಳಿದ್ದರೆ ಬಿಚ್ಚಿದ ಕಡತ ನಿಗದಿತ ಡೈರೆಕ್ಟರಿಯನ್ನು ಬಿಟ್ಟು ದಾಳಿಕೋರ ಬಯಸಿದ ಜಾಗಕ್ಕೆ ಹೋಗಿ ಕೂರುತ್ತಿತ್ತು. 2009ರ ದೋಷದಲ್ಲಿ ಓದುವುದಷ್ಟೇ ಸಾಧ್ಯವಿತ್ತು, ಇಲ್ಲಿ ಬರೆಯುವುದು ಸಾಧ್ಯವಾಯಿತು. ಬರೆಯಲು ಬಂದವನು ತನ್ನದೇ ಕೀಲಿಯನ್ನು ಅಥವಾ ತನ್ನದೇ ಪ್ರೋಗ್ರಾಮನ್ನು ಅಲ್ಲಿಟ್ಟು ಯಜಮಾನನಾಗಬಲ್ಲ. ದೋಷವನ್ನು ಕಂಡುಹಿಡಿದವರು ಭದ್ರತಾ ಸಂಸ್ಥೆ ಪಾಸಿಟಿವ್ ಟೆಕ್ನಾಲಜೀಸ್‌ನ ಮಿಖಾಯಿಲ್ ಕ್ಲುಚ್ನಿಕೋವ್. ಅಪಾಯದ ಅಳತೆಯಲ್ಲಿ ಹತ್ತಕ್ಕೆ 9.8 ಅಂಕ ಪಡೆದ ಈ ದೋಷದ ಬಗ್ಗೆ ಸೂಚನೆ ಹೊರಬಿದ್ದ ಒಂದೆರಡು ದಿನಗಳಲ್ಲಿಯೇ ದಾಳಿಯ ಮಾದರಿಗಳು ಬಹಿರಂಗವಾಗಿ, ದುರ್ಬಲ ಯಂತ್ರಗಳಿಗಾಗಿ ಅಂತರ್ಜಾಲವನ್ನೆಲ್ಲ ತಡಕುವ ಕೆಲಸ ಆರಂಭವಾಯಿತು. ಆರು ಸಾವಿರಕ್ಕೂ ಹೆಚ್ಚು ವಿಸೆಂಟರುಗಳು ನೇರವಾಗಿ ಅಂತರ್ಜಾಲಕ್ಕೆ ಬಾಗಿಲು ತೆರೆದು ಕೂತಿದ್ದವೆಂಬುದು ಪಾಸಿಟಿವ್ ಟೆಕ್ನಾಲಜೀಸ್‌ನ ಅಂದಾಜು. ಒಳಗಿನ ನಿರ್ವಹಣೆಯ ಪರದೆಯನ್ನು ಊರಿಗೆಲ್ಲ ಕಾಣುವಂತೆ ಇಡಬೇಕಾದ ಕಾರಣವೇನಿತ್ತು ಎಂಬುದು ತಂತ್ರಾಂಶದ ತಪ್ಪಿನ ಆಚೆಗಿನ ಪ್ರಶ್ನೆ.

ಅದೇ ದಿನದ ಅದೇ ಸೂಚನೆಯಲ್ಲಿ ಇಎಸ್ಎಕ್ಸ್‌ಐನ ಇನ್ನೊಂದು ದೋಷವೂ ಇತ್ತು; ಅದು ಪಾಥ್‌ಗೆ ಸಂಬಂಧಿಸಿದ್ದಲ್ಲ, ಮೆಮೊರಿಗೆ ಸಂಬಂಧಿಸಿದ್ದು. ಎರಡು ವರ್ಷ ಕಳೆದು 2023ರ ಫೆಬ್ರುವರಿಯಲ್ಲಿ ಇಎಸ್ಎಕ್ಸ್‌ಐಆರ್ಗ್ಸ್ ಎಂಬ ಸುಲಿಗೆ ತಂತ್ರಾಂಶವು ಬಹುಶಃ ಅದನ್ನೇ ಬಳಸಿ ಜಗತ್ತಿನಾದ್ಯಂತ 3,800ಕ್ಕೂ ಹೆಚ್ಚು ಸರ್ವರುಗಳಿಗೆ ನುಗ್ಗಿ, ಅತಿಥಿ ಯಂತ್ರಗಳ ಅದೇ ವಿಎಂಎಕ್ಸ್ ಮತ್ತು ವಿಎಂಡಿಕೆ ಕಡತಗಳನ್ನು ಗೂಢಲಿಪಿಗೆ ತಿರುಗಿಸಿ ಹಣ ಕೇಳಿತು. ಹಾಗಿದ್ದರೆ, ಎರಡು ವರ್ಷ ಕೈಯಲ್ಲಿದ್ದ ಪರಿಹಾರವನ್ನು ಅಷ್ಟೂ ಕಡೆ ಯಾರೂ ಹಾಕಿರಲಿಲ್ಲ.

ಭಾರತದ ಗ್ರಾಮೀಣ ಬದುಕಿಗೆ ಈ ಬಗೆಯ ದೋಷ ಎಷ್ಟು ಹತ್ತಿರ ಬರಬಲ್ಲದು ಎಂಬುದಕ್ಕೆ 2024ರ ಜುಲೈ ಕೊನೆಯ ವಾರ ಸಾಕ್ಷಿ. ಸಹಕಾರಿ ಬ್ಯಾಂಕುಗಳಿಗೂ ಪ್ರಾದೇಶಿಕ ಗ್ರಾಮೀಣ ಬ್ಯಾಂಕುಗಳಿಗೂ ತಂತ್ರಜ್ಞಾನ ಸೇವೆ ಒದಗಿಸುವ ಸಿ-ಎಡ್ಜ್ ಟೆಕ್ನಾಲಜೀಸ್ ಸುಲಿಗೆ ದಾಳಿಗೆ ಸಿಲುಕಿದಾಗ, ರಾಷ್ಟ್ರೀಯ ಪಾವತಿ ನಿಗಮವು ಜುಲೈ 31ರಂದು ಅದನ್ನು ತನ್ನ ಜಾಲದಿಂದ ಬೇರ್ಪಡಿಸಿತು. ದೇಶದ ಸುಮಾರು 300 ಸಣ್ಣ ಬ್ಯಾಂಕುಗಳ ಗ್ರಾಹಕರಿಗೆ ಯುಪಿಐ, ಎಟಿಎಂ ಮೊದಲಾದ ಸೇವೆಗಳು ಮರುದಿನದವರೆಗೆ ನಿಂತವು. ಬೆಂಗಳೂರು ಮೂಲದ ಭದ್ರತಾ ಸಂಸ್ಥೆ ಕ್ಲೌಡ್‌ಸೆಕ್‌ನ ವರದಿಯ ಪ್ರಕಾರ ದಾಳಿ ಶುರುವಾದದ್ದು ಸಿ-ಎಡ್ಜ್‌ನ ಸಹಯೋಗಿ ಕಂಪನಿಯೊಂದರ ಜೆಂಕಿನ್ಸ್ ಸರ್ವರಿನಿಂದ. ಜೆಂಕಿನ್ಸ್ ವರ್ಚುವಲೈಸೇಶನ್ ತಂತ್ರಾಂಶವಲ್ಲ, ಪ್ರೋಗ್ರಾಮುಗಳನ್ನು ಕಟ್ಟಿ ಸರ್ವರುಗಳಿಗೆ ಏರಿಸುವ ಸಾಧನ. ಆದರೆ ಅದರಲ್ಲಿದ್ದ ಸಿವಿಇ-2024-23897 ಇದೇ ಕುಲದ್ದು: ಆದೇಶವೊಂದರಲ್ಲಿ ‘ಅಟ್’ ಚಿಹ್ನೆಯ ಮುಂದೆ ಪಾಥ್ ಬರೆದರೆ ಸರ್ವರ್ ಆ ಕಡತದ ಒಳಗಿನದನ್ನು ಓದಿ ಹೇಳಿಬಿಡುತ್ತಿತ್ತು. ಪರಿಹಾರ ಬಂದದ್ದು ಆ ವರ್ಷದ ಜನವರಿ 24ರಂದು. ಬ್ಯಾಂಕುಗಳು ನಿಂತದ್ದು ಆರು ತಿಂಗಳ ಬಳಿಕ. ಬ್ಯಾಂಕಿನ ಗ್ರಾಹಕನಿಗೆ ಬ್ಯಾಂಕಿನ ಹೆಸರು ಗೊತ್ತು, ಬ್ಯಾಂಕಿಗೆ ಸಿ-ಎಡ್ಜ್ ಗೊತ್ತು, ಸಿ-ಎಡ್ಜ್‌ಗೆ ಅದರ ಸಹಯೋಗಿ ಗೊತ್ತು. ಮೂರನೆಯ ಮನೆಯಲ್ಲಿ ಹಾಕದೆ ಉಳಿದ ಪರಿಹಾರದ ಬಗ್ಗೆ ಮೊದಲನೆಯವನು ತಿಳಿಯಲು ದಾರಿಯೇ ಇರಲಿಲ್ಲ.

ದೋಷವನ್ನು ತಡೆಯುವ ಕ್ರಮ ಅಬ್ಬಿಗೇರಿಯ ಅದೇ ಕಾಲ್ಪನಿಕ ಪಾಥ್‌ನಲ್ಲಿ ಸ್ಪಷ್ಟವಾಗುತ್ತದೆ. ಬಂದ ಹೆಸರಿನಲ್ಲಿ ಜೋಡಿ ಚುಕ್ಕೆಯನ್ನು ಹುಡುಕಿ ಅಳಿಸುವುದು ಮೊದಲು ಹೊಳೆಯುವ ಉಪಾಯ, ಮತ್ತು ಅದೇ ಕೆಟ್ಟ ಉಪಾಯ. ಸಂಕೇತ ಬದಲಿಸಿ ಬಂದ ಚುಕ್ಕೆ ಕಣ್ಣಿಗೆ ಬೀಳುವುದಿಲ್ಲ, ಅಳಿಸಿದ ಮೇಲೆ ಎರಡೂ ಬದಿಯ ತುಣುಕುಗಳು ಕೂಡಿ ಹೊಸ ಜೋಡಿ ಚುಕ್ಕೆ ಹುಟ್ಟುವಂತೆ ಬರೆಯುವುದೂ ಕಷ್ಟವಲ್ಲ. ಎಲ್ಲ ಸಂಕೇತಗಳನ್ನೂ ಬಿಡಿಸಿ, ಎಲ್ಲ ಚುಕ್ಕೆಗಳನ್ನೂ ನಡೆದು ಮುಗಿಸಿ, ಕೊನೆಗೆ ನಿಂತ ಜಾಗ ಯಾವುದು ಎಂಬುದನ್ನು ಕಂಡುಕೊಂಡು, ಅದು ‘/ದಾಖಲೆ/ಗದಗ/ರೋಣ/ಅಬ್ಬಿಗೇರಿ/’ಯ ಒಳಗಿದೆಯೇ ಎಂದು ಆಗ ನೋಡುವುದು ಸರಿಯಾದ ಕ್ರಮ. ಇಲ್ಲಿಯೂ ಕೊನೆಯ ಓರೆಗೆರೆಯನ್ನು ಮರೆತರೆ ‘ಅಬ್ಬಿಗೇರಿ-ಹಳೆಯದು’ ಎಂಬ ಪಕ್ಕದ ಡೈರೆಕ್ಟರಿಯೂ ಅದೇ ಅಕ್ಷರಗಳಿಂದ ಶುರುವಾಗುವ ಕಾರಣ ಒಳಗಿನದೆಂದೇ ಪಾಸಾಗಿಬಿಡುತ್ತದೆ. ನೋಡುವ ಕ್ಷಣಕ್ಕೂ ತೆರೆಯುವ ಕ್ಷಣಕ್ಕೂ ನಡುವೆ ಯಾರಾದರೂ ಡೈರೆಕ್ಟರಿಯನ್ನೇ ಬದಲಿಸಿದರೆ ಆಗುವ ಮೋಸಕ್ಕೆ ಲಿನಕ್ಸ್ 2020ರಲ್ಲಿ, ತನ್ನ 5.6ನೆಯ ಆವೃತ್ತಿಯಲ್ಲಿ, ಇಂಥ ಡೈರೆಕ್ಟರಿಯಿಂದ ಮೇಲಕ್ಕೆ ಹೋಗದೆಯೇ ಕಡತವನ್ನು ತೆರೆ ಎಂದು ವ್ಯವಸ್ಥೆಯ ತಿರುಳಾದ ಕರ್ನೆಲ್‌ಗೇ ಹೇಳುವ ಅವಕಾಶ ಕೊಟ್ಟಿತು. ಇದೆಲ್ಲದರ ಹಿಂದೆ ಇನ್ನೊಂದು ತಡೆಯೂ ಇರಬೇಕು: ವೆಬ್ ಸೇವೆಗೆ ಯಂತ್ರದ ಸರ್ವಾಧಿಕಾರ ಕೊಡದೆ, ತನ್ನ ಕೆಲಸಕ್ಕೆ ಬೇಕಾದ ಕಡತಗಳನ್ನು ಮಾತ್ರ ಮುಟ್ಟುವ ಹಕ್ಕು ಕೊಟ್ಟರೆ, ಪಾಥ್ ತಪ್ಪಿದರೂ ಕಡತ ತೆರೆಯುವುದಿಲ್ಲ.

ತಂತ್ರದ ಮಾತು ಇಷ್ಟಕ್ಕೆ ಮುಗಿಯುತ್ತದೆ, ಕಷ್ಟದ ಮಾತು ಆಡಳಿತದ್ದು. 2022ರ ಏಪ್ರಿಲ್ 28ರ ನಿರ್ದೇಶನದಲ್ಲಿ, ಮಾಹಿತಿ ತಂತ್ರಜ್ಞಾನ ಕಾಯ್ದೆಯ 70ಬಿ ಕಲಮಿನ ಅಧಿಕಾರದಿಂದ, ದೇಶದ ಸೈಬರ್ ಭದ್ರತಾ ಘಟನೆಗಳನ್ನು ನೋಡಿಕೊಳ್ಳುವ ಸರ್ಟ್-ಇನ್ ಸಂಸ್ಥೆಯು ಸೈಬರ್ ಘಟನೆಯನ್ನು ಗಮನಕ್ಕೆ ಬಂದ 6 ಗಂಟೆಯೊಳಗೆ ತಿಳಿಸಬೇಕೆಂದೂ ಸರ್ವರುಗಳ ಲಾಗ್‌ಗಳನ್ನು 180 ದಿನ ಉಳಿಸಬೇಕೆಂದೂ ಕಡ್ಡಾಯ ಮಾಡಿತು. ಆದರೆ 2009ರಂಥ ಕಳ್ಳತನದಲ್ಲಿ ಸುಳಿವು ಸಿಗುವುದು ಅತಿಥಿಯ ಲಾಗ್‌ನಲ್ಲಲ್ಲ, ಆತಿಥೇಯದ ಲಾಗ್‌ನಲ್ಲಿ. ಇಲಾಖೆಗಳು ತಮ್ಮ ಅತಿಥಿ ಯಂತ್ರವನ್ನಷ್ಟೇ ಕಾಯುತ್ತವೆ, ಆತಿಥೇಯ ಗುತ್ತಿಗೆದಾರನ ಪಾಲಿನದು. ಇದರ ಮೇಲೆ ವಿಎಂವೇರ್ 2023ರ ನವೆಂಬರ್‌ನಲ್ಲಿ ಬ್ರಾಡ್‌ಕಾಮ್‌ನ ಪಾಲಾಗಿ, ಒಮ್ಮೆ ಕೊಂಡು ಸದಾ ಬಳಸುವ ಪರವಾನಗಿಯ ಮಾರಾಟ ನಿಂತಿದೆ, ಇಎಸ್ಎಕ್ಸ್‌ಐ ಮತ್ತು ವಿಸೆಂಟರ್ ಸೇರಿದ ಅದರ ವಿಸ್ಫಿಯರ್ ಕಟ್ಟಿನ 6.5 ಮತ್ತು 6.7ರ ಸಾಮಾನ್ಯ ಬೆಂಬಲ 2022ರ ಅಕ್ಟೋಬರ್‌ಗೆ, 7.0ರದು 2025ರ ಅಕ್ಟೋಬರ್‌ಗೆ ಮುಗಿದಿದೆ. ಐದು ವರ್ಷಕ್ಕೊಮ್ಮೆ ಟೆಂಡರ್ ಕರೆಯುವ ಕಚೇರಿಗೆ ಈ ದಿನಾಂಕಗಳು ಹೊಂದುವುದಿಲ್ಲ. ನಿರ್ವಹಣೆಯ ಒಪ್ಪಂದದಲ್ಲಿ ‘ಪರಿಹಾರ ಪ್ರಕಟವಾದ ಇಷ್ಟು ದಿನದೊಳಗೆ ಹಾಕತಕ್ಕದ್ದು’ ಎಂಬ ಒಂದು ಸಾಲು ಇಲ್ಲದಿದ್ದರೆ ಅದನ್ನು ಹಾಕುವ ಹೊಣೆ ಯಾರದೂ ಆಗಿರುವುದಿಲ್ಲ.

ಈ ನಡುವೆ ಕಂದಾಯ ಇಲಾಖೆ ‘ಭೂ ಸುರಕ್ಷಾ’ ಯೋಜನೆಯಡಿ ತಾಲೂಕು ಕಚೇರಿಗಳ ರೆಕಾರ್ಡ್ ರೂಮುಗಳಲ್ಲಿನ ಹಳೆಯ ಕಾಗದಗಳನ್ನು ಸ್ಕ್ಯಾನ್ ಮಾಡಿಸುತ್ತಿದೆ. ಭೂಮಿ ತಂತ್ರಾಂಶದ ಪಹಣಿ ಡೇಟಾಬೇಸಿನ ಸಾಲು, ಅದಕ್ಕೆ ಪಾಥ್‌ನ ಹಂಗು ಕಡಿಮೆ. ಸ್ಕ್ಯಾನ್ ಮಾಡಿದ ಪುಟ ಹಾಗಲ್ಲ, ಅದು ನಿಜವಾದ ಕಡತ, ಒಂದು ಡೈರೆಕ್ಟರಿಯಲ್ಲಿ ಒಂದು ಹೆಸರಿನಿಂದ ಕೂರಲೇಬೇಕಾದ ವಸ್ತು. ಅಂಥ ಯಾವುದೇ ವ್ಯವಸ್ಥೆಯಲ್ಲಿ ಆ ಹೆಸರನ್ನು ಸ್ಕ್ಯಾನ್ ಮಾಡುವವರಾಗಲಿ ಕಿಯೋಸ್ಕಿನಲ್ಲಿ ನಕಲು ಕೇಳುವವರಾಗಲಿ ಕೊಡಬೇಕಿಲ್ಲ. ಕೇಳುವವರಿಂದ ಊರು, ಸರ್ವೆ ನಂಬರು ಮತ್ತು ಹಿಸ್ಸೆಯನ್ನಷ್ಟೇ ಪಡೆದು, ಅವು ಪಟ್ಟಿಯಲ್ಲಿ ಇವೆಯೇ ಎಂದು ನೋಡಿ, ಕಡತದ ಹೆಸರನ್ನು ತಂತ್ರಾಂಶ ತಾನೇ ಹುಟ್ಟಿಸಿದ ಸಂಖ್ಯೆಯಿಂದ ಹುಡುಕಿಕೊಂಡರೆ, ಸರ್ವೆ ನಂಬರಿನ ಜಾಗದಲ್ಲಿ ಯಾರು ಎಷ್ಟು ಚುಕ್ಕೆ ಬರೆದರೂ ಅದಕ್ಕೆ ಸಿಗುವ ಉತ್ತರ ಒಂದೇ: ಅಂಥ ಸರ್ವೆ ನಂಬರು ಅಬ್ಬಿಗೇರಿಯಲ್ಲಿಲ್ಲ.